ಎಂಟು ಕೋರ್, ನಾಲ್ಕು ಕೋರ್, ಒಂದು ಉಸಿರು

ನಾರಾಯಣಪೇಟೆ
7 ಏಪ್ರಿಲ್ 2025

ಪ್ರೀತಿಯ ಶಿವರಂಜನಿ ಅಕ್ಕನಿಗೆ, ತಮ್ಮ ಕೊಟ್ರೇಶನ ನಮಸ್ಕಾರ.

ಕೈಯಲ್ಲಿ ಫೋನಿಟ್ಟುಕೊಂಡು ಪತ್ರ ಬರೆಯುತ್ತಿದ್ದೇನೆಂದು ನಗಬೇಡ. ನಾನು ಕರೆ ಮಾಡಿದರೆ ಎರಡನೇ ಮಾತಿಗೆ ಅದು ಕರಕರೆಯಾಗುತ್ತದೆ, ಮೂರನೆಯದಕ್ಕೆ ನೀನು ಕಟ್ ಮಾಡುತ್ತೀ. "ಏನಿದ್ರೂ ಬರದು ಕಳಸು, ಬರಿಯೋವಾಗರ ಬುದ್ಧಿ ಬರ್ತೈತೇನೊ" ಎಂದವಳು ನೀನೇ. ಬುದ್ಧಿಯ ಸಂಗತಿ ಗೊತ್ತಿಲ್ಲ, ಅಕ್ಷರವಂತೂ ಬಂದಿದೆ. ಗದ್ವಾಲದ ಬಸ್ಸಿಗೆ ಪಾರ್ಸಲ್ ಹಾಕುತ್ತಿದ್ದೇನೆ. ನಡುವೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚಿ ನೋಡುವವರು ಯಾರೂ ಇಲ್ಲ ಎಂಬ ನಂಬಿಕೆಯಿಂದ.

ವಿಷಯ ಮಕ್ತಲ್‌ನದೇ. ನಮ್ಮ ಪರಮೇಶಣ್ಣನ ಕಂಪ್ಯೂಟರ್ ಶಿವನ ಪಾದ ಸೇರಿದೆ. ಬೋರ್ಡು ಸುಟ್ಟಿದೆ, ರಿಪೇರಿ ಆಗುವುದಿಲ್ಲ. ಅದಿಲ್ಲದೆ ಅವನು ನಿಮ್ಮ ಮಗ್ಗಗಳ ಯಜಮಾನ ಮಾರ್ಕಂಡೇಯ ಮಾಸ್ತರರ ಹಳೆಯ ಸೀರೆಗಳ ಅಂಚನ್ನು ಗ್ರಾಫಿಗೆ ಇಳಿಸಲಾರ. ಗ್ರಾಫಿಲ್ಲದೆ ನೀನು ಅಲ್ಲಿ ಮಗ್ಗಕ್ಕೆ ತೂತಿನ ಕಾರ್ಡು ಹೊಡೆಯಲಾರೆ. ಅಂಚಿನ ಕೆಲಸ ಹಿಡಿದವನ ಬದುಕು ಸದಾ ಅಂಚಿನಲ್ಲೇ ಇರುತ್ತದೆ, ನೋಡು.

ನನ್ನ ಅಂಗಡಿಯಲ್ಲಿ ಎರಡು ಹಳೆಯ ಯಂತ್ರಗಳಿವೆ. ಎರಡಕ್ಕೂ ಹನ್ನೆರಡು ವರ್ಷ ದಾಟಿದೆ. ಒಂದರ ಪ್ರೊಸೆಸರಿಗೆ ಎಂಟು ಕೋರ್. ಬಿಸಿ ತಲೆ, ದೊಡ್ಡ ಹೊಟ್ಟೆ, ಕೆಲಸ ಮಾತ್ರ ಮಿಂಚು. ಮದುವೆ ಮನೆಯಲ್ಲಿ ಎರಡು ಎಲೆ ಊಟ ಮಾಡಿ ಮಧ್ಯಾಹ್ನದೊಳಗೆ ಚಪ್ಪರವನ್ನೂ ಬಿಚ್ಚುತ್ತಿದ್ದ ನಮ್ಮ ದೊಡ್ಡಪ್ಪನ ಹೆಸರನ್ನೇ ಅದಕ್ಕೆ ಇಟ್ಟಿದ್ದೇನೆ. ಇನ್ನೊಂದು ನಾಲ್ಕು ಕೋರಿನದು, ಚಿಕ್ಕಪ್ಪ. ತಣ್ಣಗಿನ ಮನುಷ್ಯ, ಮಿತಾಹಾರಿ, ಯಾವ ಕೆಲಸಕ್ಕೂ ಅವಸರವಿಲ್ಲ.

ಒಂದೇ ಅಂಚನ್ನು ಎರಡಕ್ಕೂ ಕೊಟ್ಟು ನೋಡಿದೆ. ದೊಡ್ಡಪ್ಪ ಅರ್ಧ ಗಂಟೆಯಲ್ಲಿ ಎಳೆ ಎಳೆ ಬಿಡಿಸಿ ಗ್ರಾಫು ಕೈಗಿಟ್ಟ. ಮೀಟರು ಹೇಳಿದ್ದು ಇನ್ನೂರಿಪ್ಪತ್ತು ವ್ಯಾಟ್. ಚಿಕ್ಕಪ್ಪ ಮುಕ್ಕಾಲು ಗಂಟೆ ತೆಗೆದುಕೊಂಡ, ನೂರಾ ಹತ್ತು ವ್ಯಾಟ್. ಇಬ್ಬರದೂ ಒಂದೇ ಖೋಡಿ ಗುಣ: ನಡುವೆ ನಿಂತರೆ ಮತ್ತೆ ಮೊದಲಿನಿಂದ.

ಅಣ್ಣನ ಮನೆಯ ಒಂದೇ ಇನ್ವರ್ಟರು ಅವನಿಗೆ ಆಕ್ಸಿಜನ್ ಕೊಡುವ ಗಾಳಿ ಯಂತ್ರವನ್ನೂ ಹೊರಬೇಕು ಎಂಬುದು ನನ್ನ ನೆನಪಿನಲ್ಲಿದೆ. ಆ ಕಾಯಿಲೆ ಅವನ ಪುಪ್ಪುಸವನ್ನು ಅರ್ಧ ತಿಂದು ಹೋದಾಗಿನಿಂದ ಮೂಗಿನ ಕೊಳವೆ ಅವನ ಜನಿವಾರವಾಗಿದೆ, ಗೊತ್ತು. ಅದಕ್ಕೇ ಹೇಳುತ್ತಿರುವುದು: ಬೇಗ ಮುಗಿಸಿ ಬೇಗ ಮಲಗುವ ಯಂತ್ರ ಕೊಡೋಣ. ದೊಡ್ಡಪ್ಪನನ್ನು ಕಳಿಸಲೇ?

ನಿನ್ನ
ಕೊಟ್ರೇಶ


ಗದ್ವಾಲ
10 ಏಪ್ರಿಲ್ 2025

ಚಿರಂಜೀವಿ ಕೊಟ್ರೇಶನಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ನಕ್ಕೆ. ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ ಅಣ್ಣನಿಗೆ ಜನಿವಾರ ಹಾಕಿಸಿದ್ದೀ, ಅಪ್ಪ ಇದ್ದಿದ್ದರೆ ನಿನ್ನ ಕಿವಿ ಕೆಂಪಾಗುತ್ತಿತ್ತು. ಆಮೇಲೆ ನಿನ್ನ ಲೆಕ್ಕ ನೋಡಿದೆ, ನಗು ನಿಂತಿತು. ಅರ್ಧ ಗಂಟೆ ಇನ್ನೂರಿಪ್ಪತ್ತು, ಮುಕ್ಕಾಲು ಗಂಟೆ ನೂರಾ ಹತ್ತು. ಗುಣಿಸಲು ಬರುತ್ತದೆ ತಾನೇ? ಒಂದು ಅಂಚಿಗೆ ನಿನ್ನ ದೊಡ್ಡಪ್ಪ ಬೇಗ ಉಂಡರೂ ಹೆಚ್ಚೇ ಉಣ್ಣುತ್ತಾನೆ.

ಗಾಳಿ ಯಂತ್ರದ ಬಗ್ಗೆ ಗಾಳಿಮಾತು ಬೇಡ. ಬೇಸಿಗೆ ಶುರುವಾದ ಮೇಲೆ ಮಕ್ತಲ್‌ನಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಎರಡು ತಾಸು ಇಲ್ಲ. ಆ ಹೊತ್ತಿಗೆ ಬಸವೇಶ್ವರಿ ಅತ್ತಿಗೆ ಮರಿಕಲ್ಲಿನ ಬ್ಯಾಂಕಿನ ಕೆಲಸದಲ್ಲಿರುತ್ತಾಳೆ, ಮನೆಗೆ ಬರುವುದು ಸಂಜೆಗೆ. ಬ್ಯಾಟರಿ ಮುಗಿದು ಗಾಳಿ ನಿಂತರೆ ಎದ್ದು ಬಾಗಿಲಿಗೆ ಬರುವಷ್ಟು ಉಸಿರೂ ಅಣ್ಣನಿಗೆ ಉಳಿಯುವುದಿಲ್ಲ. ಹೋದ ಭಾನುವಾರ ಅವನ ಉಗುರು ನೋಡಿದೆ. ನೇರಳೆ. ಸ್ಕೆಚ್ ಪೆನ್ನಿನ ಶಾಯಿ ಎಂದ. ನಾನು ಬಣ್ಣ ಗುರುತಿಸಿ ಅನ್ನ ತಿನ್ನುವವಳು, ಕೊಟ್ರೇಶ. ಶಾಯಿಯ ನೇರಳೆ ತೊಳೆದರೆ ಹೋಗುತ್ತದೆ.

ಚಿಕ್ಕಪ್ಪನನ್ನು ಕಳಿಸು, ಮಾತು ಬೆಳೆಸಬೇಡ. ಹಾಗಂತ ಕೆಲಸ ಬಿಡು ಎಂದು ಅವನಿಗೆ ಹೇಳುವ ಹುಂಬತನವನ್ನೂ ಮಾಡಬೇಡ. ಮದುವೆ ಹಂಗಾಮಿಗೆ ಮೊದಲೇ ಎಲ್ಲ ಅಂಚೂ ಬರಬೇಕೆಂದು ಮಾಸ್ತರರ ಮಾತು.

ಅಕ್ಕ


ನಾರಾಯಣಪೇಟೆ
14 ಏಪ್ರಿಲ್ 2025

ಅಕ್ಕ,

ನಾಲ್ಕು ಕೋರಿನವನ ಪರವಾಗಿ ನಿನ್ನ ಕೋರಿಕೆ ತಲುಪಿತು. ಅರ್ಧ ಒಪ್ಪಿದ್ದೇನೆ. ನಿನ್ನೆ ಮಕ್ತಲ್‌ಗೆ ಇಬ್ಬರನ್ನೂ ಹೊತ್ತೊಯ್ದೆ. ಒಂದೊಂದು ವಾರ ಒಬ್ಬೊಬ್ಬರ ಪಾಳಿ. ನಿನ್ನ ಗುಣಾಕಾರ, ನನ್ನ ಅಹಂಕಾರ, ಎರಡನ್ನೂ ಬದಿಗಿಟ್ಟು ಮೀಟರು ಏನು ಹೇಳುತ್ತದೋ ಅದೇ ತೀರ್ಪು. ಮೀಟರನ್ನು ಇನ್ವರ್ಟರಿನ ಬಾಯಿಗೇ ಕೂರಿಸಿದ್ದೇನೆ. ಗಾಳಿ ಯಂತ್ರ, ಕಂಪ್ಯೂಟರು, ಎರಡೂ ಸೇರಿ ಎಷ್ಟು ತಿನ್ನುತ್ತವೆ ಎಂಬುದು ಅದರಲ್ಲಿ ಕಾಣುತ್ತದೆ.

ಹಿರಿಯರೆಂಬ ಮರ್ಯಾದೆಗೆ ಮೊದಲ ಪಾಳಿ ದೊಡ್ಡಪ್ಪನದು.

ಅಣ್ಣನ ಕೋಣೆಯನ್ನು ನೀನು ಈಗ ಕೇಳಬೇಕು. ಗಾಳಿ ಯಂತ್ರ ಒಂದು ಮೂಲೆಯಲ್ಲಿ ಧುಸ್, ಧುಸ್ ಎಂದು ಕಮ್ಮಾರನ ತಿದಿಯಂತೆ. ದೊಡ್ಡಪ್ಪನ ಫ್ಯಾನು ಇನ್ನೊಂದು ಮೂಲೆಯಲ್ಲಿ ಏರು ಹತ್ತುವ ಲಾರಿಯಂತೆ. ಅಣ್ಣ ನಗುತ್ತಿದ್ದ. ಮೊದಲನೇ ಗ್ರಾಫು ಅರ್ಧ ಗಂಟೆಗೆ ಬಂದಾಗ ಪರದೆಯನ್ನು ಮುಟ್ಟಿ ನೋಡಿದ, ಎಳೆ ಕೈಗೆ ಸಿಗುತ್ತದೇನೋ ಎಂಬಂತೆ. ಅವನು ಹಾಗೆ ನಕ್ಕದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಉಗುರನ್ನೂ ನೋಡಿದೆ. ನನಗೇನೂ ಕಾಣಲಿಲ್ಲ. ನಿನಗೆ ಎಲ್ಲದರಲ್ಲೂ ನೇರಳೆ ಕಾಣುವುದು ಗದ್ವಾಲದ ಬಣ್ಣದ ಬೇನೆ ಇರಬೇಕು.

ಕೊಟ್ರೇಶ


ನಾರಾಯಣಪೇಟೆ
22 ಏಪ್ರಿಲ್ 2025

ಅಕ್ಕ,

ಪೇಟ ಸುತ್ತಿಕೊಂಡು ಬರೆಯುತ್ತಿದ್ದೇನೆ. ಗೆದ್ದವರು ಹಾಗೇ ಬರೆಯಬೇಕು.

ದೊಡ್ಡಪ್ಪನ ವಾರ ಮುಗಿಯಿತು. ಮೂರು ಸಲ ಮಧ್ಯಾಹ್ನ ಕರೆಂಟು ಹೋಗಿತ್ತು, ಮೂರು ಸಲವೂ ಬ್ಯಾಟರಿ ಕೊನೆಯವರೆಗೆ ನಿಂತಿದೆ. ಮೀಟರಿನ ಅಂಕಿ ನಾನು ಹೆದರಿದ್ದಕ್ಕಿಂತ ಕಡಿಮೆ, ನಿನ್ನ ಚಿಕ್ಕಪ್ಪನಿಂದ ನೀನು ನಿರೀಕ್ಷಿಸಿದ್ದಕ್ಕಿಂತಲೂ ಕಡಿಮೆ. ಹೇಗೆಂದು ಕೇಳಬೇಡ. ಎಂಟು ತಲೆ ಸೇರಿದರೆ ಹೊಟ್ಟೆ ಸಣ್ಣದಾಗುತ್ತದೆ ಎಂಬುದು ಹೊಸ ವಿಜ್ಞಾನ. ಗ್ರಾಫುಗಳು ರಾಶಿ ಬಿದ್ದಿವೆ. ಅಣ್ಣ ಹಾಸಿಗೆಯನ್ನು ಮೂಲೆಗೆ ತಳ್ಳಿದ್ದಾನೆ.

ಅವನು ಕಳಿಸಿದ ವಾಯ್ಸ್ ಮೆಸೇಜನ್ನು ನಿನ್ನ ಫೋನಿಗೆ ದಾಟಿಸಿದ್ದೇನೆ. ಬಾಯಿ ಮುಚ್ಚಿಕೊಂಡು ಕೇಳು. "ಕರೆಂಟ್ ಹೋಗಿ ತಾಸಾತು, ಬ್ಯಾಟರಿ ಇನ್ನಾ ಗುಂಡಗೈತಿ. ರಂಜನಿಗೆ ಹೇಳು, ದೊಡ್ಡಪ್ಪ ಬಂಗಾರದಂಥ ಮನಷ್ಯಾ" ಎನ್ನುತ್ತಾನೆ. ಬಂಗಾರ ಅಳೆಯುವ ಊರಿನಲ್ಲಿ ಅಂಗಡಿ ಇಟ್ಟವನು ನಾನು, ಈ ಸರ್ಟಿಫಿಕೇಟು ನನಗೆ ಸಾಕು. ಎರಡನೇ ವಾರದ ಪಾಳಿ ಬೇಕೇ ಬೇಕೇನು?

ಪೇಟದ ಕೊಟ್ರೇಶ


ಗದ್ವಾಲ
25 ಏಪ್ರಿಲ್ 2025

ಕೊಟ್ರೇಶ,

ಪೇಟ ತೆಗೆ. ಆ ಮೆಸೇಜನ್ನು ಇನ್ನೊಮ್ಮೆ ಹಾಕಿ ಕೇಳು. ಅಣ್ಣನ ಮಾತು ಬಿಡು, ಹಿಂದಿನ ಸದ್ದು ಕೇಳು. ನಿನ್ನ ಲಾರಿ ಏರು ಹತ್ತುತ್ತಿದೆ. ತಿದಿ ಎಲ್ಲಿ? ಧುಸ್ ಎಲ್ಲಿ?

ನಾನು ಮೊದಲ ಸಲ ಕೇಳಿದಾಗ ಏನೋ ಬೋಳು ಬೋಳು ಅನ್ನಿಸಿತು. ಏನೆಂದು ಹೊಳೆದ ಮೇಲೆ ಬಸ್ಸು ಹತ್ತುವವರೆಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ನಿನ್ನೆ ಗುರುವಾರ, ನಾನು ಹೋಗುವ ದಿನವಲ್ಲ. ಹೇಳದೆ ಹೋದೆ. ಜುರಾಲಾ ಅಣೆಕಟ್ಟಿನ ಮೇಲೆ ಬಸ್ಸು ಆಮೆಯಂತೆ ಹೋಯಿತು. ಮಕ್ತಲ್‌ನಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಜನರೇಟರು ಓಡುತ್ತಿದ್ದವು.

ಬಾಗಿಲು ಮುಂದಕ್ಕೆ ಎಳೆದಿತ್ತು ಅಷ್ಟೇ. ಅಣ್ಣ ಪರದೆಯ ಮುಂದೆ ಕೂತಿದ್ದ. ಕೊಳವೆ ಕೊರಳಲ್ಲಿ ಜೋತು ಬಿದ್ದಿತ್ತು. ಗಾಳಿ ಯಂತ್ರದ ಸ್ವಿಚ್ಚು ಆಫ್. ಅವನು ಹೆಗಲಿನಿಂದ ಉಸಿರಾಡುತ್ತಿದ್ದ, ಕೊಟ್ರೇಶ. ಒಂದು ಕೈ ಮೇಜನ್ನು ಹಿಡಿದಿತ್ತು, ಇನ್ನೊಂದು ಮೌಸಿನ ಮೇಲಿತ್ತು. ನಾನು ಓಡಿ ಸ್ವಿಚ್ಚು ಹಾಕಿ ಕೊಳವೆ ಮೂಗಿಗೆ ಸಿಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವನು ಹೇಳಿದ್ದಿಷ್ಟು:

"ಅದು ಆರಿಸಿದ್ರ ಬ್ಯಾಟರಿ ಉಳೀತೈತೆವ್ವಾ. ಒಂದು ಅಂಚು ಮುಗಿಯೋತನಕ ಬಿಗಿ ಹಿಡೀತೀನಿ. ರೂಢಿ ಆಗೇತಿ."

ನಿನ್ನ ಹೊಸ ವಿಜ್ಞಾನ ಇದು. ಬೇಗ ಮುಗಿಸಿ ಬೇಗ ಮಲಗುತ್ತಾನೆ ಎಂದುಕೊಂಡಿದ್ದೆಯಲ್ಲ, ಮಲಗಿದ್ದು ಯಂತ್ರವಲ್ಲ, ಗಾಳಿ. ಒಂದು ಮುಗಿದರೆ ಇನ್ನೊಂದು ಅಂಚು ಹಿಡಿಯುತ್ತಾನೆ. ನಿನ್ನ ಮೀಟರು ಉಳಿಸಿ ತೋರಿಸಿದ ಒಂದೊಂದು ವ್ಯಾಟೂ ಅವನ ಎದೆಯಿಂದ ಬಂದದ್ದು.

ಆ ಎಂಟು ತಲೆಯದನ್ನು ನಾಳೆಯೇ ಹೊತ್ತುಕೊಂಡು ಹೋಗು.

ಶಿವರಂಜನಿ


ಮಕ್ತಲ್
29 ಏಪ್ರಿಲ್ 2025

ಅಕ್ಕ,

ಇದನ್ನು ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಂಗಡಿಗೆ ಬೀಗ ಹಾಕಿ ಬಂದು ಮೂರು ದಿನವಾಯಿತು. ಮೆಸೇಜನ್ನು ಮತ್ತೆ ಕೇಳಿದೆ. ಕಂಪ್ಯೂಟರ್ ರಿಪೇರಿಯವನಿಗೆ ಸದ್ದಿನಿಂದಲೇ ರೋಗ ತಿಳಿಯಬೇಕು, ನನಗೆ ನನ್ನ ಫ್ಯಾನಷ್ಟೇ ಕೇಳಿಸಿತ್ತು.

ದೊಡ್ಡಪ್ಪನ ವಯರು ಬಿಚ್ಚಿ ಚಿಕ್ಕಪ್ಪನನ್ನು ಕೂರಿಸಿದೆ. ನೀನು ಹೇಳಿದಂತೆಯೇ. ಈಗ ನಾನು ಹೇಳುವುದನ್ನು ನೀನು ಕೇಳು. ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಅರ್ಧ ಗಂಟೆಯಾದರೂ ಗ್ರಾಫು ಬರಲಿಲ್ಲ. ಅಣ್ಣನ ಕಣ್ಣು ಬ್ಯಾಟರಿಯ ದೀಪದ ಮೇಲೆ, ಕೈ ಮೆಲ್ಲಗೆ ಗಾಳಿಯ ಸ್ವಿಚ್ಚಿನ ಕಡೆಗೆ. ನಾನು ಎದುರಿಗೇ ಕೂತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು. ದೊಡ್ಡಪ್ಪನಿದ್ದಾಗ ಅರ್ಧ ಗಂಟೆ ಬಿಗಿ ಹಿಡಿಯುತ್ತಿದ್ದವನು ಚಿಕ್ಕಪ್ಪನಿದ್ದರೆ ಮುಕ್ಕಾಲು ಗಂಟೆ ಹಿಡಿಯುತ್ತಾನೆ. ನಿನ್ನ ಮಿತಾಹಾರಿ ಇನ್ನೂ ಅಪಾಯ, ಅಕ್ಕ.

ಗಾಳಿಯನ್ನು ಆರಿಸದಂತೆ ಕಾದು ಕೂತು ಎರಡನ್ನೂ ಮತ್ತೆ ಅಳೆದೆ. ಎರಡು ತಾಸು ಕರೆಂಟು ಹೋದರೆ ದೊಡ್ಡಪ್ಪ ನಾಲ್ಕು ಅಂಚು ಮುಗಿಸುತ್ತಾನೆ, ಬ್ಯಾಟರಿಯನ್ನು ನೆಕ್ಕಿ ಇಡುತ್ತಾನೆ. ಚಿಕ್ಕಪ್ಪ ಎರಡು ಮುಗಿಸಿ ಮೂರನೆಯದರ ನಡುವೆ ಇರುತ್ತಾನೆ, ಆದರೆ ಬ್ಯಾಟರಿಯಲ್ಲಿ ಇನ್ನೂ ನಲವತ್ತು ನಿಮಿಷದ ಗಾಳಿ ಉಳಿದಿರುತ್ತದೆ. ಹೋಲಿಕೆ ಇಷ್ಟೇ. ಒಂದು ಕಡೆ ಅಂಚು, ಇನ್ನೊಂದು ಕಡೆ ಉಸಿರು. ತಕ್ಕಡಿ ಹಿಡಿದವನು ಅಣ್ಣ, ಅವನು ಯಾವ ಕಡೆ ಬೆರಳು ಒತ್ತುತ್ತಾನೆಂದು ನಮಗಿಬ್ಬರಿಗೂ ಈಗ ಗೊತ್ತು.

ಒಂದು ಉಪಾಯವಿದೆ. ಒಂದು ತಂತಿ ಎಳೆದು ರಿಲೇ ಕೂರಿಸಿದರೆ ಗಾಳಿ ಯಂತ್ರ ಆರಿದ ಕ್ಷಣ ಕಂಪ್ಯೂಟರೂ ಆರುತ್ತದೆ. ನಿಮ್ಮೂರಿನ ಸೀರೆಯಲ್ಲಿ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಕೊಂಡಿ ಹಾಕುತ್ತಾರಲ್ಲ, ಹಾಗೆ. ಅವನಿಗೆ ಹೇಳುವುದಿಲ್ಲ. ಮುಂದಿನ ಸಲ ಬಂದಾಗ ಕೂರಿಸುತ್ತೇನೆ.

ಮಾರ್ಕಂಡೇಯ ಮಾಸ್ತರರನ್ನು ಒಪ್ಪಿಸಿ ಗಡುವನ್ನು ಸ್ವಲ್ಪ ಮುಂದಕ್ಕೆ ಹಾಕಿಸು. ಗದ್ವಾಲದ ಗಡುವು ಮಕ್ತಲ್‌ನ ಕೊರಳಿಗೆ ಬಂದಿದೆ. ಬೇಕಾದರೆ ನಾನೇ ಅವರ ಕಾಲು ಹಿಡಿಯುತ್ತೇನೆ.

ಕೊಟ್ರೇಶ


ಗದ್ವಾಲ
2 ಮೇ 2025

ಕೊಟ್ರೇಶ,

ಮಾಸ್ತರರ ಕಾಲು ಹಿಡಿಯಬೇಡ. ಅವರಿಗೆ ಏನೂ ಗೊತ್ತಿಲ್ಲ. ಗಡುವು ಎಂಬುದೇ ಇಲ್ಲ. ಅದು ನಾನು ಹೇಳಿದ್ದು.

ಸಂಕ್ರಾಂತಿಗೆ ಹೋದಾಗ ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಊಟಕ್ಕೆ ಏಳಲಿಲ್ಲ. ಅತ್ತಿಗೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು ಬಂದಳು, ನನಗೆ ಕಾಣದಂತೆ. ಆಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಮದುವೆ ಹಂಗಾಮಿಗೆ ಮಾಸ್ತರರಿಗೆ ಹಳೆಯ ಅಂಚುಗಳು ಬೇಕೇ ಬೇಕು, ನೀನು ಕೊಡದಿದ್ದರೆ ಹೈದರಾಬಾದಿನವರಿಗೆ ಕೊಡುತ್ತಾರೆ ಎಂದು. ಅವನು ಎದ್ದು ಕೂತ. ಅವತ್ತು ಎರಡು ರೊಟ್ಟಿ ತಿಂದ. ಎದ್ದು ಕೂರಿಸಲು ಅಷ್ಟು ಸಾಕಾಗಿದ್ದಾಗ ನಿಜ ಹೇಳುವ ಧೈರ್ಯ ಯಾರಿಗೆ ಬರುತ್ತದೆ?

ನಿನಗೂ ಅದನ್ನೇ ಬರೆದೆ. ನೀನು ಜಾಣ, ನಗಿಸುತ್ತಾ ನಗಿಸುತ್ತಾ ಅವನೆದುರು ಬಾಯಿಬಿಟ್ಟೀಯೆಂದು.

ತಂತಿ ಹಾಕಬೇಡ. ಮೂಗಿನ ಕೊಳವೆಯನ್ನು ಅವನು ಸಹಿಸಿಕೊಂಡಿದ್ದಾನೆ. ಕದ್ದು ಹಾಕಿದ ಸರಪಳಿಯನ್ನು ಸಹಿಸಲಾರ. ಅದು ಗೊತ್ತಾದ ದಿನ ಎರಡೂ ಸ್ವಿಚ್ಚು ಆರಿಸುತ್ತಾನೆ. ಭಾನುವಾರ ನಾನು ಹೋಗಿ ನಿಜ ಹೇಳುತ್ತೇನೆ. ಅಲ್ಲಿಯವರೆಗೆ ಏನೂ ಮಾಡಬೇಡ.

ಅಕ್ಕ


ಗದ್ವಾಲ
5 ಮೇ 2025

ಕೊಟ್ರೇಶ,

ಹೇಳಿದೆ. ಬೈಯುತ್ತಾನೆಂದು ಸಿದ್ಧವಾಗಿ ಹೋಗಿದ್ದೆ. ಬೈಯಲಿಲ್ಲ. ಮೂಗಿನ ಕೊಳವೆ ಸರಿಮಾಡಿಕೊಂಡ. ಆಮೇಲೆ ಕೇಳಿದ:

"ಮಾಸ್ತರ ನನ್ನ ಅಂಚು ನೇಯ್ತಾನೇನು? ಅದೂ ಸುಳ್ಳೇನು?"

ನೇಯುತ್ತಾರೆ, ಎರಡು ಮಗ್ಗದ ಮೇಲೆ ಈಗಲೂ ನಿನ್ನವೇ ಇವೆ ಎಂದೆ. ನನ್ನ ಮುಖ ನೋಡಿದ. ಅಂಗಡಿಯಲ್ಲಿ ಹರಳು ನೋಡುತ್ತಾರಲ್ಲ, ಹಾಗೆ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಫೋನಿನಲ್ಲಿ ಮಗ್ಗದ ಫೋಟೋ ತೋರಿಸಲು ಹೋದೆ, ಕೈ ಅಡ್ಡ ಹಿಡಿದ. ನಾನು ಹೊರಡುವಾಗ ಕಂಪ್ಯೂಟರ್ ಆರಿತ್ತು, ಅವನು ಹಾಸಿಗೆಯ ಮೇಲಿದ್ದ. ಗೋಡೆಯ ಕಡೆಗಿರಲಿಲ್ಲ, ಸೂರಿನ ಕಡೆಗಿದ್ದ. ಅದನ್ನು ಒಳ್ಳೆಯದೆಂದು ಓದಲೋ ಕೆಟ್ಟದ್ದೆಂದು ಓದಲೋ.

ನೀನು ಶನಿವಾರ ಅಲ್ಲಿಗೆ ಹೋಗಿದ್ದೆಯೆಂದು ಅತ್ತಿಗೆ ಹೇಳಿದಳು. ತಂತಿ ಹಾಕಿದೆಯಾ? ಹೌದು ಅಥವಾ ಇಲ್ಲ, ಒಂದು ಮಾತು ಬರೆ. ಫೋನು ಎತ್ತುತ್ತಿಲ್ಲ ನೀನು. ಈ ಸಲ ಕಟ್ ಮಾಡುವವನು ನೀನಾಗಿದ್ದೀ.

ಅಕ್ಕ


ಮಕ್ತಲ್
9 ಮೇ 2025

ಅಕ್ಕ,

ಮೊದಲು ಇದನ್ನು ಓದು: ಅಣ್ಣ ಚೆನ್ನಾಗಿದ್ದಾನೆ. ಈಗ ಕೂತುಕೊಂಡು ಉಳಿದದ್ದು ಓದು.

ನಿನ್ನೆಯ ಗಾಳಿ ಮಳೆ ನಿನ್ನ ಕಡೆಗೂ ಬಂದಿರಬೇಕು, ಬಸ್ಸು ನಿಂತದ್ದೂ ಗೊತ್ತಿರಬೇಕು. ಇಲ್ಲಿ ಮಧ್ಯಾಹ್ನವೇ ಕಂಬಗಳು ಉರುಳಿದವು, ಟವರೂ ಹೋಯಿತು. ಅತ್ತಿಗೆ ಮರಿಕಲ್ಲಿನಲ್ಲಿ ಸಿಕ್ಕಿಕೊಂಡಳು. ನನ್ನ ಅಂಗಡಿಯಲ್ಲಿ ಕರೆಂಟು ಹೋದ ಹೊತ್ತೇ ಇಲ್ಲಿಯೂ ಹೋಗಿರಬೇಕೆಂದು ಅಂದಾಜು ಹಾಕಿದೆ. ತಾಸಾದರೂ ಬರಲಿಲ್ಲ, ಫೋನು ಹತ್ತಲಿಲ್ಲ. ಒಂದು ಚಾರ್ಜಾದ ಬ್ಯಾಟರಿಯನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು ಹೊರಟೆ.

ದಾರಿಯಲ್ಲಿ ಬೇವಿನ ಮರವೊಂದು ಅಡ್ಡ ಬಿದ್ದಿತ್ತು. ಹೊಲದಲ್ಲಿಳಿದು ಸುತ್ತಿದೆ. ಕಪ್ಪು ಮಣ್ಣು ಚಕ್ರಕ್ಕೆ ಮೆತ್ತಿ ಬೈಕು ಎರಡು ಸಲ ಮಗುಚಿತು. ಬ್ಯಾಟರಿಯನ್ನು ಮಗುವಿನಂತೆ ಎತ್ತಿ ಒರೆಸಿ ಮತ್ತೆ ಕಟ್ಟಿದೆ. ತಲೆಯಲ್ಲಿ ಒಂದೇ ಲೆಕ್ಕ. ಗಾಳಿ ಒಂದೇ ಓಡಿದರೆ ಬ್ಯಾಟರಿ ಮೂರು ತಾಸು ಚಿಲ್ಲರೆ. ಚಿಕ್ಕಪ್ಪ ಜೊತೆಗಿದ್ದರೆ ಎರಡೂವರೆ. ದೊಡ್ಡಪ್ಪನಿದ್ದರೆ ಎರಡು. ನಾನು ಆ ಮರದ ಹತ್ತಿರ ಇದ್ದಾಗಲೇ ಎರಡು ದಾಟಿತ್ತು. ಓಣಿಗೆ ತಿರುಗಿದಾಗ ಎರಡೂವರೆಯೂ ದಾಟಿತ್ತು.

ನೀನು ಕೇಳಿದ್ದಕ್ಕೆ ಉತ್ತರ: ತಂತಿ ಹಾಕಿಲ್ಲ. ಶನಿವಾರ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ಅವನು ನನಗೆ ಚಹಾ ಸೋಸಿ ಕೊಟ್ಟ. ಅವನ ಬೆನ್ನ ಹಿಂದೆ ಸ್ಕ್ರೂ ಬಿಚ್ಚಲು ಕೈ ಬರಲಿಲ್ಲ. ನಿನಗೆ ಬರೆಯಲಿಲ್ಲ, ಏಕೆಂದರೆ ನಿನ್ನ ಮಾತು ಕೇಳಿದೆನೆಂದು ನೀನು ತಿಳಿಯುತ್ತೀ. ನಿನ್ನೆ ಆ ಕೆಸರಿನಲ್ಲಿ ನಿಂತು, ಹಾಕಬೇಕಿತ್ತು ಎಂದು ನನ್ನನ್ನೂ ನಿನ್ನನ್ನೂ ಸೇರಿಸಿ ಬೈದುಕೊಂಡೆ.

ಓಣಿಯಲ್ಲಿ ಬೈಕು ಆರಿಸಿದೆ. ಕೇಳಿಸಿಕೊಳ್ಳಲು. ಇನ್ವರ್ಟರು ಬ್ಯಾಟರಿ ಮುಗಿಯಿತೆಂದು ಕೀಚ್ ಕೀಚ್ ಅರಚುತ್ತಿತ್ತು. ಅದರ ಕೆಳಗೆ, ತುಂಬ ಕೆಳಗೆ, ಧುಸ್. ಸ್ವಲ್ಪ ಬಿಟ್ಟು ಇನ್ನೊಂದು ಧುಸ್.

ಒಳಗೆ ಹೋದೆ. ಪರದೆ ಕಪ್ಪು. ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ, ಕೊಳವೆ ಮೂಗಿನಲ್ಲಿ. ಬೆವರು ಬಸಿಯುತ್ತಿತ್ತು. ಕಂಪ್ಯೂಟರಿನ ಪ್ಲಗ್ಗು ಗೋಡೆಯಲ್ಲಿರಲಿಲ್ಲ, ಅವನ ಮುಷ್ಟಿಯಲ್ಲಿತ್ತು. ಯಾರಾದರೂ ಕಿತ್ತುಕೊಂಡಾರೆಂಬಂತೆ ಬಿಗಿಯಾಗಿ ಹಿಡಿದಿದ್ದ. ನಾನು ಬ್ಯಾಟರಿ ಬದಲಿಸಿದೆ. ಅರಚಾಟ ನಿಂತಿತು. ತಿದಿ ಜೋರಾಯಿತು. ಆಮೇಲೂ ಮುಷ್ಟಿ ಬಿಚ್ಚಲಿಲ್ಲ.

ಅವನಿಗೆ ಮಾತು ಬರಲು ಬಹಳ ಹೊತ್ತು ಹಿಡಿಯಿತು. ಹೆದರಿದೆನೆಂದು ಹೇಳಬಹುದು, ಯಾಕೆ ತಡ ಮಾಡಿದೆ ಎನ್ನಬಹುದು ಎಂದುಕೊಂಡಿದ್ದೆ. ಸತ್ತವರ ಸುದ್ದಿ ಹೇಳುವವನ ದನಿಯಲ್ಲಿ ಅವನು ಹೇಳಿದ್ದು ಬೇರೆ:

"ತೊಂಬತ್ತೊಂದು ಪರ್ಸೆಂಟ್ ಆಗಿತ್ತಲೇ, ಕೊಟ್ರ್ಯಾ."

ದೊಡ್ಡಪ್ಪ ಇದ್ದಿದ್ದರೆ ಆ ಅಂಚು ಮುಗಿದಿರುತ್ತಿತ್ತು. ನಾನು ಬರುವ ಹೊತ್ತಿಗೆ ಓಣಿಯಲ್ಲಿ ಕೇಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ. ಇದನ್ನು ಅವನಿಗೆ ಹೇಳುವ ಅಗತ್ಯವಿರಲಿಲ್ಲ. ಲೆಕ್ಕ ಅವನಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಪ್ಲಗ್ಗು ಎಳೆದಿದ್ದ.

ರಾತ್ರಿಗೆ ಬಸ್‌ಸ್ಟ್ಯಾಂಡಿನ ಅಂಗಡಿಯ ಜನರೇಟರು ತಂದು ಗಾಳಿ ಓಡಿಸಿದೆ. ಇವತ್ತು ಬೆಳಿಗ್ಗೆ ಕರೆಂಟು ಬಂತು. ಅತ್ತಿಗೆ ಬಂದು ಅವನ ಉಗುರು ನೋಡಿ, ಒಳಗೆ ಹೋಗಿ ಉಪ್ಪಿಟ್ಟಿಗೆ ಇಟ್ಟಳು. ಅಣ್ಣ ಮುಷ್ಟಿ ಚಾಚಿದ. ಪ್ಲಗ್ಗು ನನ್ನ ಕೈಗೆ ಕೊಟ್ಟು, ಗೋಡೆ ತೋರಿಸಿ, ಸೊನ್ನೆಯಿಂದ ಹಚ್ಚು ಎಂದ.

ಹಚ್ಚಿದ್ದೇನೆ. ಈಗ ಹನ್ನೆರಡು ಪರ್ಸೆಂಟ್ ಆಗಿದೆ.

ಕೊಟ್ರೇಶ